ಜಾರಿದ ಬೋಲ್ಟ್, ಮುರಿದ ಬೋಲ್ಟ್: ಮನೆಯಂಗಳದಲ್ಲೇ ಬಿಡಿಸುವ ಬಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕೊಟ್ಟಿಗೆಯ ಪಕ್ಕದ ಶೀಟಿನ ಮಾಡಿನಡಿ ಹದಿನಾಲ್ಕು ಮಳೆಗಾಲ ಕಂಡ ಸಣ್ಣ ಕಾರೊಂದಿದೆ. ಕಳೆದ ಬೇಸಿಗೆಯಲ್ಲಿ ಅದರ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಕುಳಿತೆ. ಅರ್ಧ ಗಂಟೆಯ ಕೆಲಸ. ಚಕ್ರ ಬಿಚ್ಚಿದ್ದಾಯಿತು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಮೇಲಿನ ಬೋಲ್ಟ್ ತಕರಾರಿಲ್ಲದೆ ಬಿಟ್ಟುಕೊಂಡಿತು. ಕೆಳಗಿನದಕ್ಕೆ ರಿಂಗ್ ಸ್ಪ್ಯಾನರ್ ಹಾಕಿ ಎಳೆದಾಗ ಅದು ಕೂದಲೆಳೆಯಷ್ಟು ಜಾರಿತು. ಮತ್ತೆ ಕೂರಿಸಿ ಇನ್ನೂ ಜೋರಾಗಿ ಎಳೆದೆ. ಈ ಸಲ ಸ್ಪ್ಯಾನರ್ ಸಲೀಸಾಗಿ ಒಂದು ಸುತ್ತು ಬಂತು, ಬೋಲ್ಟ್ ಇದ್ದಲ್ಲೇ ಇತ್ತು. ಬೆರಳಾಡಿಸಿದರೆ ಆರು ಮೂಲೆಗಳಿದ್ದ ಜಾಗದಲ್ಲಿ ನುಣ್ಣನೆಯ ಗುಂಡುತಲೆ, ಅಂಚಿನಲ್ಲಿ ಆಗಷ್ಟೇ ಕೆತ್ತಿ ಬಂದ ಬೆಳ್ಳಿ ಬಣ್ಣದ ಚೂರುಗಳು. ಅರ್ಧ ಗಂಟೆಯ ಕೆಲಸ ಎರಡು ದಿನ ಹಿಡಿಯಿತು.

ಆ ಎರಡು ದಿನಗಳಲ್ಲಿ, ಅದಕ್ಕೂ ಮೊದಲು ಜೀಪು, ಟಿಲ್ಲರ್, ಔಷಧಿ ಪಂಪುಗಳ ಜೊತೆ ಗುದ್ದಾಡಿದ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದಲೇ ಇರಲಿ: ಸ್ಪ್ಯಾನರ್ ಮೊದಲ ಸಲ ಜಾರಿದ ಕೂಡಲೇ ಕೈ ತೆಗೆಯಿರಿ. ತುಕ್ಕು ಬೋಲ್ಟನ್ನು ಬಿಗಿ ಮಾಡುತ್ತದೆ ಅಷ್ಟೆ, ಅದನ್ನು ಕೆಡಿಸುವುದು ನಮ್ಮ ಆತುರದ ಎಳೆತ. ಮೊದಲ ಜಾರಿನ ಹೊತ್ತಿಗೆ ನಿಮ್ಮ ಮುಂದೆ ಏಳೆಂಟು ಉಪಾಯಗಳಿರುತ್ತವೆ. ಮೂರನೆಯ ಜಾರಿನ ಹೊತ್ತಿಗೆ ಎರಡೋ ಮೂರೋ ಉಳಿದಿರುತ್ತವೆ. ತಲೆ ಮುರಿದು ಕೈಗೆ ಬಂದರೆ ದಾರಿ ಇನ್ನೂ ಕಿರಿದು. ಆದ್ದರಿಂದ ಬೋಲ್ಟಿಗೆ ಅತಿ ಕಡಿಮೆ ಹಾನಿ ಮಾಡುವ ಉಪಾಯದಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತುವ ಕ್ರಮದಲ್ಲಿ ಹೇಳುತ್ತೇನೆ.

ಇಲ್ಲಿನ ಬೋಲ್ಟ್ ಏಕೆ ಹೀಗೆ ಕಚ್ಚಿಕೊಳ್ಳುತ್ತದೆ

ಕಬ್ಬಿಣ ತುಕ್ಕಾಗುವಾಗ ಊದಿಕೊಳ್ಳುತ್ತದೆ. ಒಂದು ಪಾಲು ಕಬ್ಬಿಣದಿಂದ ಹುಟ್ಟಿದ ತುಕ್ಕಿಗೆ ಅದರ ಹಲವು ಪಟ್ಟು ಜಾಗ ಬೇಕು. ಬೋಲ್ಟ್ ಮತ್ತು ನಟ್‌ನ ಥ್ರೆಡ್‌ಗಳ ನಡುವೆ ಇರುವುದು ಕಾಗದದಷ್ಟು ಸಂದು. ಆ ಸಂದಿನಲ್ಲಿ ತುಕ್ಕು ತುಂಬಿಕೊಂಡರೆ ಬೆಣೆ ಹೊಡೆದ ಹಾಗೆ ಎರಡೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಹೊಟ್ಟೆ ಒಣಗುವುದೇ ಇಲ್ಲ. ಕೆಂಪು ಮಣ್ಣು ಬೋಲ್ಟಿನ ತಲೆಯ ಸುತ್ತ ಮೆತ್ತಿಕೊಂಡು, ಮಳೆ ನಿಂತ ಮೇಲೂ ವಾರಗಟ್ಟಲೆ ತೇವ ಹಿಡಿದಿಡುತ್ತದೆ.

ಅಡಿಕೆ ತೋಟದವರ ವಾಹನಗಳಿಗೆ ಇನ್ನೊಂದು ಕಾಟವಿದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಬೋರ್ಡೋ ಮಿಶ್ರಣ ಮಾಡುವಾಗ ಹದ ನೋಡಲು ಹೊಳೆಯುವ ಕತ್ತಿಯ ತುದಿಯನ್ನು ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಬಣ್ಣ ಕೂರುತ್ತದೆ. ಅದು ತಾಮ್ರ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಡಿಕ್ಕಿಯಲ್ಲಿ ಸೋರಿದ ಮೈಲುತುತ್ತದ ಚೀಲ, ಮಳೆನೀರು ಸೇರಿದಾಗ ಕೆಳಗಿನ ಬೋಲ್ಟುಗಳಿಗೆ ಮಾಡುವುದೂ ಇದನ್ನೇ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಚೀಲವನ್ನು ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು ಸಾಗಿಸಿ.

ಅಲ್ಯೂಮಿನಿಯಂ ಭಾಗಕ್ಕೆ ಹಾಕಿದ ಉಕ್ಕಿನ ಬೋಲ್ಟಿನ ಕಥೆ ಬೇರೆ. ಅಲ್ಲಿ ಕೆಂಪು ತುಕ್ಕಿನ ಬದಲು ಸುಣ್ಣದಂಥ ಬಿಳಿ ಪುಡಿ ಕಾಣುತ್ತದೆ. ಆ ಪುಡಿ ಕಂಡರೆ ಎರಡು ಪಟ್ಟು ಜಾಗ್ರತೆ ಬೇಕು, ಏಕೆಂದರೆ ಮೊದಲು ಸೋಲುವುದು ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್.

ಕಾರು ಎತ್ತುವಾಗ

ಬೋಲ್ಟ್ ಬಿಡಿಸಲು ಕಾರನ್ನು ಅಲುಗಾಡಿಸುವಷ್ಟು ಬಲ ಹಾಕುತ್ತೀರಿ ಎಂಬುದು ನೆನಪಿರಲಿ. ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡ್‌ಗಳ ಅಡಿಗೆ ದಪ್ಪ ಮರದ ಹಲಗೆ ಇಡಿ. ನಮ್ಮ ಕಡೆ ಕೈಗೆ ಸಿಗುವುದು ಜಂಬಿಟ್ಟಿಗೆ. ಅದನ್ನು ಮಾತ್ರ ಕಾರಿನ ಅಡಿಗೆ ಕೊಡಬೇಡಿ, ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಕಣ್ಣಿಗೆ ಕನ್ನಡಕ ಹಾಕಿ. ಅಡಿಯಲ್ಲಿ ಮಲಗಿ ಮೇಲೆ ನೋಡುವವನ ಕಣ್ಣಿಗೇ ತುಕ್ಕಿನ ಪುಡಿ ಬೀಳುವುದು.

ಮೊದಲ ಮೆಟ್ಟಿಲು: ಉಜ್ಜಿ, ನೆನೆಸಿ, ಬಡಿದು, ಬಿಡಿ

ವೈರ್ ಬ್ರಷ್‌ನಿಂದ ಬೋಲ್ಟಿನ ತಲೆ ಮತ್ತು ಹೊರಗೆ ಇಣುಕುವ ಥ್ರೆಡ್‌ಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಮಣ್ಣಿನ ಮೇಲೆ ಎಣ್ಣೆ ಹೊಡೆದರೆ ಅದನ್ನು ಮಣ್ಣು ಕುಡಿಯುತ್ತದೆ, ಥ್ರೆಡ್‌ಗೆ ಏನೂ ತಲುಪುವುದಿಲ್ಲ. ಒಳಮೈ ಆರು ಮೂಲೆಯ ಅಲೆನ್ ಬೋಲ್ಟ್ ಆದರೆ ಗುಳಿಯೊಳಗಿನ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆಯಿರಿ. ಮಣ್ಣು ತುಂಬಿದ ಗುಳಿಯಲ್ಲಿ ಅಲೆನ್ ಕೀ ಅರ್ಧವೇ ಇಳಿದು ಜಾರುತ್ತದೆ.

ನಂತರ ತುಕ್ಕು ಸಡಿಲಿಸುವ ಎಣ್ಣೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅದರ ಹೆಸರೇ ಹೇಳುವಂತೆ ಲೋಹದಿಂದ ನೀರನ್ನು ತಳ್ಳುವುದಕ್ಕೆ. ಹಗುರವಾಗಿ ಹಿಡಿದ ಬೋಲ್ಟಿಗೆ ಅದು ಸಾಕು. ಹಳೆಯ ತುಕ್ಕಿಗೆ ಪೆನೆಟ್ರೇಟಿಂಗ್ ಆಯಿಲ್ ಎಂದೇ ಕೇಳಿ ತನ್ನಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಬಳಸುವವರೂ ಇದ್ದಾರೆ. ಚೆನ್ನಾಗಿ ಇಳಿಯುತ್ತದೆ, ಆದರೆ ಎರಡೂ ಬೇಗ ಬೇರ್ಪಡುವುದರಿಂದ ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಬೆಂಕಿಗೆ ತಟ್ಟನೆ ಹತ್ತಿಕೊಳ್ಳುತ್ತದೆ. ಬೇರೇನೂ ಇಲ್ಲದಿದ್ದರೆ ಡೀಸೆಲ್ ಕೂಡ ನಿಧಾನವಾಗಿ ಕೆಲಸ ಮಾಡುತ್ತದೆ. ಬ್ರೇಕ್ ಹತ್ತಿರವಾದರೆ ಡಿಸ್ಕ್ ಮತ್ತು ಪ್ಯಾಡ್‌ಗಳನ್ನು ಬಟ್ಟೆಯಿಂದ ಮುಚ್ಚಿ, ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಹಾಕಿ. ಎಣ್ಣೆ ಕುಡಿದ ಪ್ಯಾಡ್ ಮತ್ತೆ ಸರಿಹೋಗುವುದಿಲ್ಲ.

ಎಣ್ಣೆ ಹಾಕಿದ ಮೇಲೆ ಬೋಲ್ಟಿನ ತಲೆಯ ನಡುಮಧ್ಯಕ್ಕೆ ಸುತ್ತಿಗೆಯಿಂದ ಎಂಟು ಹತ್ತು ಏಟು ಕೊಡಿ. ತಲೆ ಚಪ್ಪಟೆಯಾಗುವ ಏಟಲ್ಲ, ಗಟ್ಟಿ ತೆಂಗಿನಕಾಯಿ ಒಡೆಯುವಷ್ಟು ಸಾಕು. ಪ್ರತಿ ಏಟಿಗೂ ತುಕ್ಕಿನ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ನೇರವಾಗಿ ಹೊಡೆಯಬೇಡಿ, ಬೋಲ್ಟಿನ ತಲೆಗೇ ಹೊಡೆಯಿರಿ.

ಈಗ ಎದ್ದು ಹೋಗಿ. ಹತ್ತು ನಿಮಿಷಕ್ಕೆ ಮರಳಿ ಬರಬೇಡಿ. ಸಂಜೆ ಹಾಕಿ, ರಾತ್ರಿ ಮಲಗುವ ಮೊದಲು ಇನ್ನೊಮ್ಮೆ ಹಾಕಿ ಬಡಿದು, ಬೆಳಿಗ್ಗೆ ಮತ್ತೊಮ್ಮೆ ಹಾಕಿ. ನಾನು ಕಂಡ ಹತ್ತು ಹಟಮಾರಿ ಬೋಲ್ಟ್‌ಗಳಲ್ಲಿ ಆರೋ ಏಳೋ ಈ ಒಂದು ರಾತ್ರಿಗೇ ಸೋತಿವೆ. ರಿಪೇರಿ ಭಾನುವಾರವಾದರೆ ಶುಕ್ರವಾರ ಸಂಜೆಯೇ ಎಣ್ಣೆ ಹಾಕುವುದು ಈಗ ನಮ್ಮ ಮನೆಯ ಪದ್ಧತಿ.

ಸರಿಯಾದ ಸಾಕೆಟ್, ಸರಿಯಾದ ದಿಕ್ಕು

ಸಾಮಾನ್ಯ ರಿಂಗ್ ಸ್ಪ್ಯಾನರ್ ಒಳಗೆ ಹನ್ನೆರಡು ಮೂಲೆಗಳಿರುತ್ತವೆ. ಅದು ಬೋಲ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ಬೋಲ್ಟಿನ ಚಪ್ಪಟೆ ಮೈಯನ್ನು ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಮೊದಲ ಎಳೆತವೇ ಆರು ಮೂಲೆಯ ಸಾಕೆಟ್‌ನಿಂದ ಆಗಬೇಕು. ಮನೆಯಲ್ಲಿ 10, 12, 13, 14, 17 ಮತ್ತು 19 ಎಂಎಂ ಅಳತೆಯ ಆರು ಮೂಲೆಯ ಸಾಕೆಟ್‌ಗಳಿದ್ದರೆ ಹೆಚ್ಚಿನ ಕಾರುಗಳ ಕೆಲಸ ನಡೆಯುತ್ತದೆ. ನನ್ನ ಬ್ರೇಕ್ ಬೋಲ್ಟಿನ ತಲೆ 12 ಎಂಎಂ. 13ರ ಸ್ಪ್ಯಾನರ್ ಕೂಡ ಅದರ ಮೇಲೆ ಕೂರುತ್ತದೆ, ಸ್ವಲ್ಪ ಸಡಿಲ ಅಷ್ಟೆ. ಆ ಸಡಿಲವೇ ಮೂಲೆ ಕೀಳುವುದು. ಅವಸರದಲ್ಲಿ ಹೀಗೆ ಅಳತೆ ತಪ್ಪುವವರನ್ನು ಎಷ್ಟೋ ಸಲ ನೋಡಿದ್ದೇನೆ.

ದಿಕ್ಕನ್ನೂ ಒಮ್ಮೆ ಯೋಚಿಸಿ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುವಾಗ ಗಡಿಯಾರದ ವಿರುದ್ಧ ದಿಕ್ಕಿಗೆ ಸಡಿಲವಾಗುತ್ತದೆ. ಕಾರಿನಡಿ ಮಲಗಿ, ಆಚೆ ಬದಿಗೆ ಮುಖ ಮಾಡಿದ ಬೋಲ್ಟಿಗೆ ಕೈ ಚಾಚಿದಾಗ ಇದು ತಲೆಕೆಳಗಾಗಿ ತೋರುತ್ತದೆ. ಬಿಗಿಯಾಗುವ ದಿಕ್ಕಿಗೇ ಬಲ ಹಾಕಿ ತಲೆ ಮುರಿದ ಬೋಲ್ಟ್‌ಗಳು ಕಡಿಮೆಯಲ್ಲ. ಮಲೆನಾಡಿನಲ್ಲಿ ಇನ್ನೂ ಓಡುವ ಕೆಲವು ಹಳೆಯ ಜೀಪುಗಳ ಎಡಬದಿಯ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ, ಅವು ಗಡಿಯಾರದ ದಿಕ್ಕಿಗೇ ಬಿಚ್ಚಿಕೊಳ್ಳುತ್ತವೆ.

ಎಳೆಯುವ ಮೊದಲು ಒಂದು ಸಲ ಬಿಗಿಯಾಗುವ ದಿಕ್ಕಿಗೆ ತುಸು ಒತ್ತಿ ನೋಡಿ. ತುಕ್ಕಿನ ಹಿಡಿತ ಬಿಡಿಸಲು ಯಾವ ಕಡೆಗೆ ಅಲುಗಿದರೂ ಆದೀತು. ಆಮೇಲೆ ಬಿಚ್ಚುವ ದಿಕ್ಕಿಗೆ ನಿಧಾನವಾಗಿ ಬಲ ಏರಿಸಿ. ಇಲ್ಲಿ ಕಿವಿ, ಕೈ ಎರಡೂ ಎಚ್ಚರವಿರಬೇಕು. ತುಕ್ಕು ಬಿಟ್ಟಾಗ ಒಣಕಡ್ಡಿ ಮುರಿದ ಹಾಗೆ 'ಟಕ್' ಎಂದು ಒಂದು ಶಬ್ದ ಬರುತ್ತದೆ. ಆಮೇಲೆ 'ಕಿರ್ರ್' ಎನ್ನುತ್ತಾ ಬಿಗಿಯಾಗಿಯೇ ತಿರುಗುತ್ತದೆ. ಹಾಗಾಗದೆ, ಶಬ್ದವಿಲ್ಲದೆ, ಹಸಿ ಬೆತ್ತವನ್ನು ತಿರುಚಿದ ಹಾಗೆ ಮೆತ್ತಗೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ತಿರುಗುತ್ತಿರುವುದು ಥ್ರೆಡ್ ಅಲ್ಲ, ಬೋಲ್ಟಿನ ಕುತ್ತಿಗೆ ತಿರುಚಿಕೊಳ್ಳುತ್ತಿದೆ. ಇನ್ನು ಕಾಲು ಸುತ್ತಿಗೆ ತಲೆ ಕೈಗೆ ಬರುತ್ತದೆ. ಮತ್ತೆ ಎಣ್ಣೆ, ಮತ್ತೆ ಏಟು, ಮತ್ತೆ ಕಾಯುವಿಕೆ.

'ಟಕ್' ಎಂದ ಮೇಲೆಯೂ ಒಂದೇ ಸಮನೆ ಬಿಚ್ಚಬೇಡಿ. ಕಾಲು ಸುತ್ತು ಹೊರಗೆ, ಅರ್ಧದಷ್ಟು ಒಳಗೆ, ಒಂದು ತೊಟ್ಟು ಎಣ್ಣೆ, ಮತ್ತೆ ಕಾಲು ಸುತ್ತು ಹೊರಗೆ. ಥ್ರೆಡ್ ನಡುವಿನ ತುಕ್ಕಿನ ಪುಡಿ ಕೆಂಪು ಕೆಸರಾಗಿ ಹೊರಗೆ ಬರಬೇಕು. ಇಲ್ಲದಿದ್ದರೆ ಅದು ಮುಂದಿನ ಸುತ್ತಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡು, ಅರ್ಧ ದಾರಿಯಲ್ಲಿ ಬೋಲ್ಟ್ ಮುರಿಯುತ್ತದೆ.

ಡಿಸ್ಕ್ ಹಿಡಿದಿಡುವ ನಕ್ಷತ್ರ ತಲೆಯ ಸ್ಕ್ರೂಗಳಿಗೆ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಬೇಡಿ. ಸುತ್ತಿಗೆಯಲ್ಲಿ ಹೊಡೆದರೆ ತಾನೇ ತುಸು ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ. ಒತ್ತುವುದೂ ತಿರುಗಿಸುವುದೂ ಒಟ್ಟಿಗೆ ಆಗುವುದರಿಂದ ತಲೆ ಜಾರುವುದಿಲ್ಲ.

ಬಿಸಿ

ಉಕ್ಕು ಬಿಸಿಗೆ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟಿನ ಸುತ್ತಲಿನ ಭಾಗವನ್ನು, ಅಂದರೆ ನಟ್ ಅಥವಾ ತೂತಿರುವ ಲೋಹವನ್ನು ಬಿಸಿ ಮಾಡಿದರೆ ತೂತು ಒಂದಿಷ್ಟು ಅಗಲವಾಗಿ ತುಕ್ಕಿನ ಬೆಸುಗೆ ಒಡೆಯುತ್ತದೆ. ಸಣ್ಣ ಬ್ಯೂಟೇನ್ ಟಾರ್ಚ್ ಸಾಕು, ಲೋಹ ಕೆಂಪಾಗಬೇಕಿಲ್ಲ. ಬಿಸಿ ಇರುವಾಗಲೇ ಮೇಣದಬತ್ತಿಯ ತುದಿಯನ್ನು ಬೋಲ್ಟಿನ ಬುಡಕ್ಕೆ ಮುಟ್ಟಿಸಿ. ಮೇಣ ಕರಗಿ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಥ್ರೆಡ್‌ನೊಳಗೆ ಎಳೆದುಕೊಳ್ಳುತ್ತದೆ. ತಣ್ಣಗಾಗಲು ಬಿಟ್ಟು ಇನ್ನೊಂದು ಸಲ ಬಿಸಿ ಮಾಡಿ. ಒಂದೇ ಸಲ ಜೋರಾಗಿ ಕಾಯಿಸುವುದಕ್ಕಿಂತ ಎರಡು ಮೂರು ಸಲ ಬಿಸಿ ಮಾಡಿ ಆರಿಸುವುದು ಮೇಲು. ಕಾರ್ಖಾನೆಯಲ್ಲೇ ಕೆಂಪು ಥ್ರೆಡ್‌ಲಾಕರ್ ಅಂಟು ಹಾಕಿದ ಬೋಲ್ಟ್‌ಗಳಂತೂ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಣದೆ ಜಗ್ಗುವುದಿಲ್ಲ.

ಬೆಂಕಿ ಹಚ್ಚಬಾರದ ಜಾಗಗಳಿವೆ: ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪುಗಳ ಹತ್ತಿರ, ಬ್ರೇಕ್ ಹೋಸ್ ಹತ್ತಿರ, ರಬ್ಬರ್ ಬುಷ್ ಮತ್ತು ಬೂಟ್‌ಗಳ (ಧೂಳು ತಡೆಯುವ ರಬ್ಬರ್ ಮುಸುಕು) ಹತ್ತಿರ, ಶಾಕ್ ಅಬ್ಸಾರ್ಬರ್ ಮೈಗೆ, ಏರ್‌ಬ್ಯಾಗ್ ಇರುವಲ್ಲಿ. ಎಣ್ಣೆ, ಅಸಿಟೋನ್ ಹಾಕಿದ ಜಾಗವನ್ನು ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಟಾರ್ಚ್ ಹಿಡಿಯಿರಿ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಲೋಹಕ್ಕೆ ಬಿಸಿಯನ್ನಾಗಲಿ ವೆಲ್ಡಿಂಗನ್ನಾಗಲಿ ಕೊಡಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಅಡಿಕೆ ಸಿಪ್ಪೆ, ದರಗು ಬಿದ್ದಿರುವ ಅಂಗಳದಲ್ಲಿ ಈ ಕೆಲಸ ಬೇಡ.

ತಲೆ ಸವೆದು ಗುಂಡಾಗಿದ್ದರೆ

ಮೊದಲು ಒಂದಳತೆ ಚಿಕ್ಕ ಸಾಕೆಟ್ಟನ್ನು ಬಡಿದು ಕೂರಿಸಿ ನೋಡಿ. 13 ಎಂಎಂ ತಲೆ ಸವೆದಿದ್ದರೆ ಅರ್ಧ ಇಂಚಿನ ಸಾಕೆಟ್ ಹೇಳಿ ಮಾಡಿಸಿದಂತೆ, ಅರ್ಧ ಇಂಚು ಎಂದರೆ 12.7 ಎಂಎಂ. 12ಕ್ಕೆ 11 ಎಂಎಂ ಸಾಕೆಟ್. ಹೀಗೆ ಬಡಿಯುವುದಕ್ಕೆ ಹಳೆಯ ಸಾಕೆಟ್ಟೇ ಸಾಕು. ಬಡಿದು ಕೂರಿಸುವ ಏಟೇ ತುಕ್ಕು ಸಡಿಲಿಸುವ ಏಟೂ ಆಗುತ್ತದೆ. ಒಳಗೆ ಸುರುಳಿ ಹಲ್ಲುಗಳಿರುವ, ಸವೆದ ತಲೆಯನ್ನು ಕಚ್ಚಲೆಂದೇ ಮಾಡಿದ ಎಕ್ಸ್‌ಟ್ರಾಕ್ಟರ್ ಸಾಕೆಟ್‌ಗಳೂ ಸಿಗುತ್ತವೆ. ವರ್ಷಕ್ಕೆ ಎರಡು ಸಲವಾದರೂ ಕಾರಿನ ಅಡಿ ಹೋಗುವವರು ಒಂದು ಸೆಟ್ ಇಟ್ಟುಕೊಂಡರೆ ನಷ್ಟವಿಲ್ಲ.

ನನ್ನ ಕ್ಯಾಲಿಪರ್ ಬೋಲ್ಟಿಗೆ 11ರ ಸಾಕೆಟ್ ಕೂರಲೇ ಇಲ್ಲ, ಪಕ್ಕದ ಲೋಹ ಅಡ್ಡ ಬರುತ್ತಿತ್ತು. ರಬ್ಬರ್ ಬೂಟ್ ಅರ್ಧ ಇಂಚು ದೂರದಲ್ಲಿದ್ದುದರಿಂದ ಬೆಂಕಿಯೂ ಆಗದು. ಆಗ ನನ್ನನ್ನು ಕಾಪಾಡಿದ್ದು ಅರ. ತಲೆಯ ಎದುರುಬದುರಿನ ಎರಡು ಮೈಗಳನ್ನು ಸಣ್ಣ ಅರದಿಂದ ಉಜ್ಜಿ ಸಮಾನಾಂತರ ಮಾಡಿದೆ. ಸುಮಾರು ಒಂದು ಗಂಟೆ ಹಿಡಿಯಿತು. 10 ಎಂಎಂ ಓಪನ್ ಸ್ಪ್ಯಾನರ್ ಬಿಗಿಯಾಗಿ ಒಳಗೆ ಹೋಗುವವರೆಗೆ ಉಜ್ಜಿ, ಅಳೆದು, ಮತ್ತೆ ಉಜ್ಜಬೇಕು. ಎರಡನೆಯ ಸಂಜೆಯೂ ಎಣ್ಣೆ ಹಾಕಿ ಬಡಿದು ಬಿಟ್ಟೆ. ಮರುದಿನ ಬೆಳಿಗ್ಗೆ ಆ ಎರಡು ಮೈಗಳಿಗೆ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಕಚ್ಚಿಸಿ, ಒಳಗಿನ ಸ್ಲೈಡರ್ ಪಿನ್ (ಕ್ಯಾಲಿಪರ್ ಜಾರುವ ಕಂಬಿ) ಜೊತೆಗೆ ತಿರುಗದಂತೆ ತೆಳುವಾದ ಓಪನ್ ಸ್ಪ್ಯಾನರ್‌ನಿಂದ ತಡೆಹಿಡಿದು ಎಳೆದೆ. 'ಟಕ್' ಎಂಬ ಆ ಶಬ್ದ ಈಗಲೂ ಕಿವಿಯಲ್ಲಿದೆ. ಪಿನ್ ತಡೆಹಿಡಿಯುವುದನ್ನು ಮರೆಯಬೇಡಿ. ಎಷ್ಟೋ ಕ್ಯಾಲಿಪರ್‌ಗಳಲ್ಲಿ ಬೋಲ್ಟ್ ತಿರುಗುತ್ತಿದೆ ಎಂದುಕೊಂಡಾಗ ನಿಜವಾಗಿ ಪಿನ್ ತಿರುಗಿ ಬೂಟ್ ಹರಿಯುತ್ತಿರುತ್ತದೆ.

ವೈಸ್ ಗ್ರಿಪ್ ಬಳಸುವುದಾದರೆ ಕೈ ನಡುಗುವಷ್ಟು ಬಿಗಿ ಮಾಡಿ ಕಚ್ಚಿಸಿ. ಸಡಿಲ ಹಿಡಿತದಲ್ಲಿ ಅದು ಇದ್ದ ಲೋಹವನ್ನೂ ಬಳಿದುಕೊಂಡು ಹೋಗುತ್ತದೆ. ಜಾಗವಿರುವಲ್ಲಿ ಮೊನಚಾದ ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಹೊಡೆದು ತಿರುಗಿಸುವುದು ಹಳೆಯ ಗ್ಯಾರೇಜುಗಳ ಕ್ರಮ. ನಟ್ ಆದರೆ ಅದನ್ನು ಉಳಿಸುವ ಗೋಜಿಗೇ ಹೋಗಬೇಡಿ. ನಟ್ ಸ್ಪ್ಲಿಟರ್‌ನಿಂದಲೋ ಗರಗಸದಿಂದಲೋ ಒಂದು ಮೈ ಸೀಳಿ ತೆಗೆಯಿರಿ. ಹೊಸ ನಟ್‌ಗೆ ಎಷ್ಟು ಕಾಸು?

ಇವೆಲ್ಲ ಸೋತ ಮೇಲೂ ಅತ್ಯುತ್ತಮ ಉಪಾಯ ಒಂದಿದೆ, ವೆಲ್ಡಿಂಗ್. ಸವೆದ ತಲೆಯ ಮೇಲೆ ಸ್ವಲ್ಪ ದೊಡ್ಡ ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿಸಿದರೆ ಹೊಸ ತಲೆ ಸಿಕ್ಕ ಹಾಗೆ. ವೆಲ್ಡಿಂಗ್‌ನ ಬಿಸಿ ನೇರವಾಗಿ ಬೋಲ್ಟಿನೊಳಗೆ ಇಳಿಯುವುದರಿಂದ ತುಕ್ಕಿನ ಹಿಡಿತವೂ ಒಡೆಯುತ್ತದೆ. ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿದರೆ ಹೆಚ್ಚಿನವು ಸುಮ್ಮನೆ ತಿರುಗಿ ಬರುತ್ತವೆ. ಕಾರಿಗೆ ಆರ್ಕ್ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನು ಬೋಲ್ಟಿಗೆ ಆದಷ್ಟು ಹತ್ತಿರ ಹಿಡಿಸಿ. ಇಲ್ಲದಿದ್ದರೆ ಇಂಜಿನ್ನಿನ ಕಂಪ್ಯೂಟರ್ ಸುಟ್ಟೀತು.

ಮುರಿದು ಒಳಗೆ ಉಳಿದರೆ

ತುಂಡು ಹೊರಗೆ ಐದಾರು ಎಂಎಂ ಇಣುಕುತ್ತಿದ್ದರೆ ನೀವು ಅದೃಷ್ಟವಂತರು. ಅರ, ವೈಸ್ ಗ್ರಿಪ್, ವೆಲ್ಡಿಂಗ್ ಮೂರೂ ಅಲ್ಲಿ ನಡೆಯುತ್ತವೆ. ಮೈಗೆ ಸಮವಾಗಿ ಮುರಿದಿದ್ದರೆ ಡ್ರಿಲ್ ಹಿಡಿಯಬೇಕು. ಈ ಕೆಲಸವನ್ನು ಬೆಳಕಿರುವಾಗ, ಕರೆಂಟ್ ಸರಿಯಾಗಿರುವ ಹೊತ್ತಿನಲ್ಲಿ ಮಾಡಿ. ಮಳೆಗಾಲದ ಕಡಿಮೆ ವೋಲ್ಟೇಜಿನಲ್ಲಿ ಡ್ರಿಲ್ ಏದುಸಿರು ಬಿಟ್ಟು ಬಿಟ್ ಸಿಕ್ಕಿಕೊಳ್ಳುತ್ತದೆ.

ಮುರಿದ ಮೈಯನ್ನು ಅರದಿಂದ ಸಮತಟ್ಟು ಮಾಡಿ, ಸೆಂಟರ್ ಪಂಚ್‌ನಿಂದ ನಡುಮಧ್ಯಕ್ಕೆ ಗುರುತು ಹಾಕಿ. ಇಡೀ ಕೆಲಸದ ಯಶಸ್ಸು ಈ ಒಂದು ಚುಕ್ಕೆಯ ಮೇಲೆ ನಿಂತಿದೆ. ಚುಕ್ಕೆ ಅರ್ಧ ಎಂಎಂ ಆಚೆ ಬಿದ್ದರೆ ಡ್ರಿಲ್ ಗಟ್ಟಿಯಾದ ಬೋಲ್ಟನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಂ ಕಡೆ ವಾಲುತ್ತದೆ. ಚುಕ್ಕೆ ಹಾಕಿ, ನಾಲ್ಕೂ ದಿಕ್ಕಿನಿಂದ ನೋಡಿ, ತಪ್ಪಿದ್ದರೆ ಪಂಚ್ ಓರೆ ಹಿಡಿದು ಸರಿಪಡಿಸಿ. ಎಂ8, ಅಂದರೆ 8 ಎಂಎಂ ದಪ್ಪದ ಬೋಲ್ಟ್ ಆದರೆ 3 ಎಂಎಂ ಬಿಟ್‌ನಿಂದ ಶುರು ಮಾಡಿ, ಆಮೇಲೆ 4 ಅಥವಾ 5. ವೇಗ ಕಡಿಮೆ, ಒತ್ತಡ ಹೆಚ್ಚು, ಎಣ್ಣೆ ಧಾರಾಳ. ಸುರುಳಿ ಸುರುಳಿಯಾಗಿ ಲೋಹ ಬರುತ್ತಿದ್ದರೆ ಸರಿಯಿದೆ. ಪುಡಿ ಬಂದು ಹೊಗೆಯಾಡಿದರೆ ಬಿಟ್ ಮೊಂಡಾಗಿದೆ. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಸಿಕ್ಕರೆ ಅದನ್ನೇ ಬಳಸಿ. ಕೊರೆಯುತ್ತಿರುವಾಗಲೇ ಬಿಟ್ ಕಚ್ಚಿ ತುಂಡು ಹೊರಗೆ ತಿರುಗಿ ಬರುವುದುಂಟು.

ಎಕ್ಸ್‌ಟ್ರಾಕ್ಟರ್, ಅಂದರೆ ತೂತಿಗೆ ಹಾಕಿ ಎಡಕ್ಕೆ ತಿರುಗಿಸುವ ಸುರುಳಿ ಮೊಳೆಯ ಬಗ್ಗೆ ನನಗೆ ಹೆದರಿಕೆ ಇದೆ. ಅದು ಬಲು ಗಡುಸು, ಅಷ್ಟೇ ಪೆಡಸು. ನಮ್ಮ ಭಾವ ತಮ್ಮ ಕಾರಿನ ಥರ್ಮೋಸ್ಟಾಟ್ ಹೌಸಿಂಗ್‌ನಲ್ಲಿ ಮುರಿದ ಎಂ6 ಬೋಲ್ಟಿಗೆ ಸಣ್ಣ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿದಾಗ, ಬೋಲ್ಟಿನೊಳಗೆ ಅದೂ ಮುರಿದು ಉಳಿಯಿತು. ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಗೀರು ಕೂಡ ಹಾಕುವುದಿಲ್ಲ. ಭಾಗವನ್ನು ಬಿಚ್ಚಿಕೊಂಡು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋಗಬೇಕಾಯಿತು. ಲೇತ್ ಅಂಗಡಿಯ ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಬೋಲ್ಟ್ ಮುರಿದಾಗಲೇ ತಂದಿದ್ದರೆ ಹತ್ತು ನಿಮಿಷದ ಕೆಲಸ ಮಾರಾಯರೇ, ಈಗ ಸಂಜೆ ಬನ್ನಿ" ಎಂದರು. ಆಮೇಲಿಂದ ನನ್ನ ನಿಯಮ ಇದು: ಬಿಸಿ ಮತ್ತು ಎಣ್ಣೆಯಿಂದ ಮೊದಲೇ ಸಡಿಲಗೊಳಿಸಿದ ತುಂಡಿಗೆ ಮಾತ್ರ ಎಕ್ಸ್‌ಟ್ರಾಕ್ಟರ್, ಎಂ6ಕ್ಕಿಂತ ಸಣ್ಣದಕ್ಕೆ ಬೇಡವೇ ಬೇಡ, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ತಿರುಗಿಸುವ ಹಿಡಿಕೆಯಿಂದ ಎರಡೂ ಬದಿಗೆ ಸಮಬಲ ಕೊಟ್ಟು ತಿರುಗಿಸಬೇಕು.

ಬರುವುದೇ ಇಲ್ಲವೆಂದಾದರೆ ಬೋಲ್ಟನ್ನು ಪೂರ್ತಿ ಕೊರೆದುಬಿಡಿ. ಎಂ6ಕ್ಕೆ 5 ಎಂಎಂ, ಎಂ8ಕ್ಕೆ 6.8 ಎಂಎಂ, 1.25 ಪಿಚ್‌ನ (ಎರಡು ಥ್ರೆಡ್‌ಗಳ ನಡುವಿನ ಅಂತರ, ಎಂಎಂನಲ್ಲಿ) ಎಂ10ಕ್ಕೆ 8.8 ಎಂಎಂ ತನಕ ಕೊರೆದರೆ ಹಳೆಯ ಥ್ರೆಡ್‌ನಲ್ಲಿ ಸುರುಳಿ ತಂತಿಯಂತೆ ಉಳಿದ ಲೋಹವನ್ನು ಟ್ಯಾಪ್ ಕಿತ್ತು ಹಾಕುತ್ತದೆ. ಟ್ಯಾಪ್ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹಾಕಿ, ಉಕ್ಕಿಗೆ ಎಣ್ಣೆ. ಚುಕ್ಕೆ ತಪ್ಪಿ ಥ್ರೆಡ್ ಹಾಳಾಗಿದ್ದರೆ ಹೆದರಬೇಡಿ. ದೊಡ್ಡದಾಗಿ ಕೊರೆದು ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿದರೆ ಅದೇ ಅಳತೆಯ ಬೋಲ್ಟ್ ಮತ್ತೆ ಹಿಡಿಯುತ್ತದೆ. ಅಲ್ಯೂಮಿನಿಯಂನಲ್ಲಿ ಅದು ಮೊದಲಿನ ಥ್ರೆಡ್‌ಗಿಂತ ಗಟ್ಟಿ.

ಸ್ಟೀರಿಂಗ್, ಸಸ್ಪೆನ್ಷನ್ ಮತ್ತು ಬ್ರೇಕ್ ಹಿಡಿದಿಡುವ ಭಾಗಗಳಲ್ಲಿ ಬೋಲ್ಟ್ ಒಳಗೆ ಮುರಿದರೆ ಡ್ರಿಲ್ ಹಿಡಿಯದೆ ಲೇತ್ ಅಂಗಡಿಗೆ ಒಯ್ಯಿರಿ, ಇಲ್ಲವೇ ಭಾಗವನ್ನೇ ಬದಲಿಸಿ. ಘಾಟಿ ಇಳಿಯುವ ಕಾರಿನಲ್ಲಿ ಮನೆಯವರೆಲ್ಲ ಕುಳಿತಿರುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಜಿಲ್ಲೆ ನಮ್ಮದು. ಲೋಹದ ಕೆಲಸ ಬಲ್ಲ ಕೈಗಳನ್ನು ಹುಡುಕಿಕೊಂಡು ಬಹುದೂರ ಹೋಗಬೇಕಿಲ್ಲ.

ಮತ್ತೆ ಕಟ್ಟುವಾಗ

ತೆಗೆದ ಬೋಲ್ಟನ್ನು ಮತ್ತೆ ಹಾಕಬೇಡಿ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಉದ್ದ ಮತ್ತು ಪಿಚ್ ಹೋಲಿಸಿ, ತಲೆಯ ಮೇಲಿನ ಅಂಕಿ ನೋಡಿ. 8.8 ಎಂದಿದ್ದರೆ ಸುಮಾರು 800 ಮೆಗಾಪಾಸ್ಕಲ್ ಎಳೆತ ತಡೆಯುವ ಉಕ್ಕು, ಅದರ ಶೇಕಡಾ 80ರಷ್ಟು ಎಳೆತದವರೆಗೆ ಹಿಗ್ಗಿದರೂ ಮೊದಲಿನ ಉದ್ದಕ್ಕೆ ಮರಳುತ್ತದೆ. 10.9 ಇನ್ನೂ ಗಟ್ಟಿ. ಅಂಕಿಯೇ ಇಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಗೇಟಿಗೆ ಸರಿ, ಕಾರಿಗೆ ಬೇಡ. ತುಕ್ಕು ಹಿಡಿಯುವುದಿಲ್ಲವೆಂದು ಸ್ಟೇನ್‌ಲೆಸ್ ಬೋಲ್ಟ್ ಹಾಕುವವರಿದ್ದಾರೆ. ಅದು ಅಲ್ಯೂಮಿನಿಯಂ ಜೊತೆ ಸೇರಿ ಬಿಳಿ ಪುಡಿಯನ್ನು ಇನ್ನೂ ಹೆಚ್ಚಿಸುತ್ತದೆ. ಬ್ರೇಕ್ ಬೋಲ್ಟನ್ನಂತೂ ಕಂಪನಿಯ ಬಿಡಿಭಾಗವಾಗಿಯೇ ತನ್ನಿ.

ತೂತನ್ನು ವೈರ್ ಬ್ರಷ್ ಮತ್ತು ಟ್ಯಾಪ್‌ನಿಂದ ಶುಚಿ ಮಾಡಿ. ಹೊಸ ಬೋಲ್ಟನ್ನು ಬೆರಳಿನಿಂದಲೇ ಐದಾರು ಸುತ್ತು ಹಾಕಿ. ಬೆರಳಿಗೆ ತಿರುಗದ ಬೋಲ್ಟ್ ಸ್ಪ್ಯಾನರ್‌ಗೂ ಸರಿಯಾಗಿ ತಿರುಗುವುದಿಲ್ಲ, ಥ್ರೆಡ್ ಅಡ್ಡ ಕೂತಿರುತ್ತದೆ. ಇಂಜಿನ್ ಗಾರ್ಡ್, ಸೈಲೆನ್ಸರ್ ಕ್ಲ್ಯಾಂಪಿನಂಥ ಬೋಲ್ಟ್‌ಗಳಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿ. ಪೇಸ್ಟ್ ಸವರಿದಾಗ ಅದೇ ಬಲಕ್ಕೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಟಾರ್ಕ್, ಅಂದರೆ ಬಿಗಿಯುವ ತಿರುಚುಬಲ, ಸ್ವಲ್ಪ ಇಳಿಸಬೇಕು. ಚಕ್ರದ ನಟ್ ಮತ್ತು ಬ್ರೇಕ್ ಬೋಲ್ಟ್‌ಗಳಿಗೆ ಕೈಪಿಡಿ ಹೇಳದೆ ಏನನ್ನೂ ಸವರಬೇಡಿ. ಸಾಮಾನ್ಯ 8.8 ಬೋಲ್ಟ್‌ಗಳಲ್ಲಿ ಎಂ6ಕ್ಕೆ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್, ಎಂ8ಕ್ಕೆ 25ರ ಆಸುಪಾಸು, ಎಂ10ಕ್ಕೆ 50ರ ಆಸುಪಾಸು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಅಲ್ಯೂಮಿನಿಯಂಗೆ ಹಾಕುವ ಎಂ6 ಬೋಲ್ಟನ್ನು ಉದ್ದ ಹಿಡಿಕೆಯಿಂದ ಬಿಗಿಯಲೇಬೇಡಿ, ನಾವು ಬಿಚ್ಚುವಾಗ ಮುರಿಯುವ ಬೋಲ್ಟ್‌ಗಳಲ್ಲಿ ಅನೇಕವು ಬಿಗಿಯುವಾಗಲೇ ಅರ್ಧ ಸೋತಿರುತ್ತವೆ.

ಚಕ್ರ ಬಿಚ್ಚಿದ್ದರೆ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ. ಬ್ರೇಕ್ ಕೆಲಸವಾಗಿದ್ದರೆ ರಸ್ತೆಗಿಳಿಯುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಅಂಗಳದಲ್ಲೇ ನಿಧಾನವಾಗಿ ಓಡಿಸಿ ನಿಲ್ಲಿಸಿ ನೋಡಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮೊದಲ ಸುತ್ತಿನ ಔಷಧಿ ಹೊಡೆಯುವುದಕ್ಕೂ ಮುಂಚೆ, ನಾನೀಗ ಕಾರಿನಡಿಯ ಎಂಟು ಬೋಲ್ಟ್‌ಗಳನ್ನು ಒಂದೊಂದಾಗಿ ಅರ್ಧ ಸುತ್ತು ಬಿಚ್ಚಿ, ಎಣ್ಣೆ ತೊಟ್ಟಿಕ್ಕಿಸಿ, ಮತ್ತೆ ಟಾರ್ಕ್ ಕೊಟ್ಟು ಬಿಗಿಯುತ್ತೇನೆ: ಇಂಜಿನ್ ಗಾರ್ಡಿನ ನಾಲ್ಕು, ಸೈಲೆನ್ಸರ್ ಕ್ಲ್ಯಾಂಪಿನ ಎರಡು, ಸ್ಟೆಪ್ನಿ ಹಿಡಿಕೆಯ ಎರಡು. ಒಂದು ಗಂಟೆಯೂ ಬೇಡ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಕಾರಿನ ಹೊಟ್ಟೆಗೆ ನೀರು ಹೊಡೆದು ಕೆಂಪು ಮಣ್ಣನ್ನೆಲ್ಲ ತೊಳೆದು, ಎರಡು ದಿನ ಬಿಸಿಲಿಗೆ ನಿಲ್ಲಿಸುತ್ತೇನೆ.